ಗೋಡೆ ಬಡಿದು ನೋಡುವ ಮೇಸ್ತ್ರಿ

ಗಾರೆ ಮೇಸ್ತ್ರಿಯನ್ನು ಗ್ರಂಥಪಾಲಕಿ ಮೊದಲು ನೋಡಿದ್ದು ವಾಚನಾಲಯದ ಪಡಸಾಲೆಯಲ್ಲಿ, ಒಂದು ಮಂಗಳವಾರ ಬೆಳಿಗ್ಗೆ. ಆಕೆ ಅಂದಿನ ಪತ್ರಿಕೆಗಳನ್ನು ಮರದ ಕೋಲಿಗೆ ಸಿಕ್ಕಿಸುತ್ತಿದ್ದಳು. ಎಣ್ಣೆ ಕಾಣದ ಬಿಳಿ ತಲೆ, ಸುಣ್ಣ ತಿಂದು ಮೊಣಕೈವರೆಗೆ ಒಡೆದ ಚರ್ಮ, ಕೈಯಲ್ಲಿ ಹಿಡಿ ಸವೆದ ಕರಣೆ. ಆತ ಯಾರ ಮುಖವನ್ನೂ ನೋಡದೆ ನೇರ ಗೋಡೆಯ ಬಳಿ ಹೋದ. ಅವನ ಎಡಕ್ಕೆ, ನಾಲ್ಕು ಹೆಜ್ಜೆ ದೂರದಲ್ಲಿ, ಅವನ ಹೆಂಡತಿ ಎಡಗೈಯಲ್ಲಿ ಖಾಲಿ ಬಕೆಟ್ಟು ಹಿಡಿದು ನಿಂತಳು.

ಕರಣೆಯ ಹಿಡಿಯಿಂದ ಗೋಡೆಗೆ ಎರಡು ಸಲ ಬಡಿದ. ಸ್ವಲ್ಪ ತಡೆದು, "ಗಟ್ಟಿ" ಅಂದ. ಒಂದು ಮಾರು ಮುಂದೆ ಹೋಗಿ ಮತ್ತೆ ಬಡಿದ. "ಟೊಳ್ಳು" ಅಂದು ಸೀಮೆಸುಣ್ಣದಿಂದ ವೃತ್ತ ಬರೆದ.

ಪುಸ್ತಕದ ಹಾಳೆ ಹರಿದು ಅಂಗಿಯೊಳಗೆ ಬಚ್ಚಿಡುವವರನ್ನು ಹಿಡಿದು ಹಿಡಿದು ಗ್ರಂಥಪಾಲಕಿಯ ಕಣ್ಣು ಚುರುಕಾಗಿತ್ತು. ಏಳೆಂಟು ಸಲ ಬಡಿಯುವಷ್ಟರಲ್ಲಿ ಆಕೆಗೆ ಗೊತ್ತಾಯಿತು. ಹೆಂಡತಿ ಬಕೆಟ್ಟನ್ನು ಬಲಗೈಗೆ ಬದಲಿಸಿದಾಗಲೆಲ್ಲ ಗೋಡೆ ಟೊಳ್ಳು. ಎಡಗೈಯಲ್ಲೇ ಇದ್ದರೆ ಗಟ್ಟಿ. ಅಷ್ಟರಲ್ಲಿ ಗ್ರಂಥಪಾಲಕಿಯ ಕೈಯಿಂದ ಪತ್ರಿಕೆಯ ಕೋಲು ಜಾರಿ ಕಲ್ಲುಹಾಸಿನ ಮೇಲೆ ಬಿತ್ತು. ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಮೇಸ್ತ್ರಿ ಮಾತ್ರ ತಿರುಗಲಿಲ್ಲ. ಅವನ ಹೆಂಡತಿ ತಿರುಗಿದಳು, ಗ್ರಂಥಪಾಲಕಿಯ ಮುಖವನ್ನೇ ನೋಡಿದಳು.

ಸಂಜೆ ಮೇಸ್ತ್ರಿಯ ಹೆಂಡತಿ ಒಬ್ಬಳೇ ಬಂದಳು. "ಕಲ್ಲು ಒಡೆಯೋ ಕಡೆ ಆರು ವರ್ಷ ಇದ್ರು, ಮೇಡಂ. ಕಿವಿ ಅಲ್ಲೇ ಹೋಯ್ತು. ಎದುರಿಗೆ ನಿಂತು ಮಾತಾಡಿದ್ರೆ ತುಟಿ ನೋಡಿ ತಿಳ್ಕೋತಾರೆ. ಗೋಡೆಗೆ ತುಟಿ ಎಲ್ಲಿದೆ? ಯಾರಿಗಾದ್ರೂ ಗೊತ್ತಾದ್ರೆ ನಮ್ಮನ್ನ ಯಾರು ಕರೀತಾರೆ ಹೇಳಿ."

"ನಾನೇನೂ ನೋಡಿಲ್ಲ, ಅಕ್ಕ" ಎಂದಳು ಗ್ರಂಥಪಾಲಕಿ.

ಹಾಗೆ ಹೇಳಲು ಆಕೆಗೆ ಕಾರಣವಿತ್ತು. ಮೂರು ತಿಂಗಳಲ್ಲಿ ಗೋಡೆ ಭದ್ರವಾಗದಿದ್ದರೆ ಕಟ್ಟಡ ಕೆಡವುವುದಾಗಿ ನಗರಸಭೆ ನೋಟಿಸು ಅಂಟಿಸಿತ್ತು. ನೂರು ವರ್ಷ ಮೀರಿದ ಸುಣ್ಣದ ಗೋಡೆಗಳು. ಹಿಂದೆ ಯಾರೋ ಪುಣ್ಯಾತ್ಮರು, ಒಳ್ಳೆಯದಾಗಲಿ ಎಂದೇ, ಅವುಗಳ ಮೇಲೆ ಸಿಮೆಂಟು ಬಳಿಸಿದ್ದರು. ಒಳಗಿನ ತೇವಕ್ಕೆ ಹೊರದಾರಿ ಇಲ್ಲದೆ ಇಟ್ಟಿಗೆ ಕೊಳೆತು, ಸಿಮೆಂಟಿನ ಪದರ ಗೋಡೆ ಬಿಟ್ಟು ನಿಂತಿತ್ತು. ಎಲ್ಲಿ ಬಿಟ್ಟಿದೆ ಎಂದು ಕಣ್ಣಿಗೆ ಕಾಣದು, ಬಡಿದೇ ತಿಳಿಯಬೇಕು. ಆ ವಿದ್ಯೆ ಊರಲ್ಲಿ ಉಳಿದಿದ್ದು ಇವನೊಬ್ಬನಲ್ಲಿ.

ಊರವರು ಸಮಿತಿ ಮಾಡಿಕೊಂಡಿದ್ದರು. ನಿವೃತ್ತ ಪೋಸ್ಟ್ ಮಾಸ್ಟರು ಅಧ್ಯಕ್ಷರು. ಭಾನುವಾರ ಬಂತೆಂದರೆ ಅವರು ಪ್ಯಾಂಟು ಮಡಚಿ ಸುಣ್ಣದ ಗುಂಡಿಯ ಪಕ್ಕ ನಿಂತಿರುತ್ತಿದ್ದರು. ಟೈಲರು ಮರಳು ಜರಡಿ ಹಿಡಿಯುತ್ತಿದ್ದ. ವೃತ್ತ ಬರೆದ ಕಡೆ ಸಿಮೆಂಟು ಕಿತ್ತು, ಕೊಳೆತ ಇಟ್ಟಿಗೆ ಬದಲಿಸಿ, ಮೇಸ್ತ್ರಿ ಹೇಳಿದ ಹದದಲ್ಲಿ ಗಾರೆ ಮೆತ್ತುತ್ತಿದ್ದರು.

"ಇನ್ನೆಷ್ಟು ದಿನ ನೆನೀಬೇಕಯ್ಯಾ ಈ ಸುಣ್ಣ?" ಎಂದು ಪೋಸ್ಟ್ ಮಾಸ್ಟರು ಕೇಳುತ್ತಿದ್ದರು.

"ಬೆಣ್ಣೆ ಆಗೋವರೆಗೂ, ಸ್ವಾಮಿ. ನಿಮ್ಮ ಟಪಾಲು ಇದ್ದಂಗೆ, ಬಂದಾಗ್ಲೇ ಬರೋದು."

"ಗೋಡೆ ಹೇಳಿದ್ದೆಲ್ಲ ಕೇಳ್ತಾನೆ, ಹೆಂಡತಿ ಮಾತೊಂದು ಕೇಳಲ್ಲ ಅಂತ ಕಾಣುತ್ತೆ" ಎಂದು ಟೈಲರು ಕಿಚಾಯಿಸಿದರೆ, ಅವಳು ಬಕೆಟ್ಟು ಕೆಳಗಿಟ್ಟು, "ಅಣ್ಣ, ಅವರು ಕೇಳೋದೆಲ್ಲ ನನ್ನ ಮಾತೇ" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಗ್ರಂಥಪಾಲಕಿ ಮಾತ್ರ ಜರಡಿಯ ಕಡೆ ನೋಡುತ್ತಿದ್ದಳು.

ಎಂಜಿನಿಯರು ಪರೀಕ್ಷೆಗೆ ಬರಲು ಎರಡೇ ದಿನ ಉಳಿದಾಗ, ಬಡಿದು ನೋಡಲು ಮೆಟ್ಟಿಲ ಮೇಲಿನ ಗೋಡೆಯೊಂದು ಬಾಕಿ ಇತ್ತು. ಅಂದು ಮೇಸ್ತ್ರಿ ಒಬ್ಬನೇ ಬಂದ.

ಗ್ರಂಥಪಾಲಕಿ ಅವನ ಎದುರಿಗೆ ಹೋಗಿ ನಿಂತಳು. "ಅಕ್ಕ ಎಲ್ಲಿ?"

"ಜ್ವರ. ಎದ್ದು ಕೂರೋಕೂ ಆಗ್ತಿಲ್ಲ."

"ಹಾಗಾದ್ರೆ..."

"ನಲವತ್ತು ವರ್ಷ ಬಡಿದ ಕೈ, ಮೇಡಂ. ಕೈಗೇ ತಿಳಿಯುತ್ತೆ."

ಏಣಿ ಹತ್ತಿ ಬಡಿದ. ಗಟ್ಟಿ. ಮುಂದೆ ಬಡಿದ. ಗಟ್ಟಿ. ಕಿಟಕಿಯ ಪಕ್ಕದಲ್ಲಿ ಬಡಿದಾಗ, ಕೆಳಗೆ ನಿಂತಿದ್ದ ಗ್ರಂಥಪಾಲಕಿಗೆ ಬರಿದಾದ ಕೊಡ ತಟ್ಟಿದಂತೆ ಕೇಳಿಸಿತು. ಮೇಸ್ತ್ರಿ ಅಭ್ಯಾಸಬಲದಿಂದ ಎಡಕ್ಕೆ ನೋಡಿದ. ಅಲ್ಲಿ ಬಕೆಟ್ಟಿರಲಿಲ್ಲ, ಗ್ರಂಥಪಾಲಕಿ ಇದ್ದಳು. ಆಕೆ ಬಾಯಿ ತೆರೆದಳು. ಟೊಳ್ಳು ಎಂದರೆ ಹದಿನೈದು ದಿನದ ಕೆಲಸ. ನೋಟಿಸಿನ ಗಡುವು ನಾಡಿದ್ದಿಗೆ ಮುಗಿಯುತ್ತದೆ. ಗೋಡೆಯ ವಿಷಯ ನನಗೇನು ಗೊತ್ತು ಎಂದುಕೊಂಡು ಬಾಯಿ ಮುಚ್ಚಿದಳು.

"ಗಟ್ಟಿ" ಎಂದು ಮೇಸ್ತ್ರಿ ಏಣಿ ಇಳಿದ.

ಮರುದಿನ ಬೆಳಿಗ್ಗೆ, ಎಂಜಿನಿಯರು ಬರುವ ಮೊದಲು ಚೊಕ್ಕಟವಾಗಿರಲಿ ಎಂದು ಪೋಸ್ಟ್ ಮಾಸ್ಟರು ತಾವೇ ಮೆಟ್ಟಿಲು ಗುಡಿಸುತ್ತಿದ್ದರು. ಕಿಟಕಿಯ ಪಕ್ಕದಿಂದ ಬಾಗಿಲಿನಷ್ಟು ಅಗಲದ ಸಿಮೆಂಟು, ಹಿಂದಿನ ಇಟ್ಟಿಗೆಗಳನ್ನೂ ಎಳೆದುಕೊಂಡು, ಅವರ ಮೇಲೆ ಬಿತ್ತು. ಆಸ್ಪತ್ರೆ ತಲುಪುವ ಮೊದಲೇ ಅವರ ಜೀವ ಹೋಯಿತು. ಪೊರಕೆ ಮಾತ್ರ ಮೇಲಿನ ಮೆಟ್ಟಿಲಲ್ಲಿ ಹಾಗೇ ಇತ್ತು. ಎರಡು ದಿನ ಯಾರೂ ಅದನ್ನು ಮುಟ್ಟಲಿಲ್ಲ.

ನಗರಸಭೆಯಲ್ಲಿ ವಿಚಾರಣೆ ನಡೆಯಿತು. ಮೇಸ್ತ್ರಿಯ ಹೆಂಡತಿಯನ್ನು ಒಳಗೆ ಬಿಡಲಿಲ್ಲ, ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಅಧಿಕಾರಿ ಕಾಗದಗಳಿಂದ ತಲೆಯೆತ್ತದೆ ಕೇಳಿದರು: "ಮೆಟ್ಟಿಲ ಗೋಡೆ ಪರೀಕ್ಷೆ ಮಾಡಿದ್ದು ಯಾರು?"

ಬಗ್ಗಿದ ಮುಖದಲ್ಲಿ ತುಟಿ ಕಾಣುತ್ತಿರಲಿಲ್ಲ. ಮೇಸ್ತ್ರಿ ಎಡಕ್ಕೆ ನೋಡಿದ. ಖಾಲಿ ಕುರ್ಚಿ.

"ನಿಮ್ಮನ್ನೇ ಕೇಳ್ತಿರೋದು. ಯಾರು?" ಅಧಿಕಾರಿ ಕಾಗದ ತಿರುವುತ್ತಲೇ ಕೇಳಿದರು.

ಎಲ್ಲರೂ ತನ್ನ ಕಡೆ ನೋಡುತ್ತಿದ್ದಾರೆ ಎಂಬುದಷ್ಟೇ ಮೇಸ್ತ್ರಿಗೆ ತಿಳಿಯಿತು. "ಗಟ್ಟಿ" ಎಂದ.

ಯಾರೂ ನಗಲಿಲ್ಲ. ಟೈಲರು ತಲೆ ತಗ್ಗಿಸಿದ.

ಗ್ರಂಥಪಾಲಕಿ ಎದ್ದು ನಿಂತಳು. ಹೇಳಿದರೆ ಮೇಸ್ತ್ರಿಯ ಪರವಾನಗಿ ಹೋಗುತ್ತದೆ, ಅವನು ಪರೀಕ್ಷಿಸಿದ ಗೋಡೆಗಳನ್ನು ಯಾರೂ ನಂಬದೆ ಕಟ್ಟಡವೂ ಹೋಗುತ್ತದೆ ಎಂದು ಆಕೆಗೆ ಗೊತ್ತಿತ್ತು. "ಅವರಿಗೆ ಕಿವಿ ಕೇಳಿಸಲ್ಲ, ಸಾರ್. ನಂಗೆ ಮೊದಲ ದಿನದಿಂದಲೇ ಗೊತ್ತಿತ್ತು. ಅವತ್ತು ಆ ಗೋಡೆ ಟೊಳ್ಳು ಅನ್ನೋದು ನನ್ನ ಕಿವಿಗೆ ಬಿದ್ದಿತ್ತು. ನಾನು ಹೇಳಲಿಲ್ಲ."

ಅಧಿಕಾರಿ ಬರೆದುಕೊಂಡರು. ಎರಡು ಸಾಲಿನಲ್ಲಿ ಮುಗಿಯಿತು.

ಹೊರಗೆ ಬಂದಾಗ ಟೈಲರು ಹಿಂದಿನಿಂದ, "ಸುಮ್ನಿದ್ದಿದ್ರೆ ಕಟ್ಟಡನಾದ್ರೂ ಉಳೀತಿತ್ತೇನೋ, ಮೇಡಂ" ಎಂದ.

"ಅವತ್ತು ಸುಮ್ನಿದ್ದೆನಲ್ಲ" ಎಂದಳು ಆಕೆ.

ಮುಂದಿನ ತಿಂಗಳು ವಾಚನಾಲಯವನ್ನು ಕೆಡವಿದರು. ನಾಲ್ಕು ದಿನದ ಕೆಲಸ. ಹೊಸ ಗಾರೆ ಮೆತ್ತಿದ ಭಾಗಗಳು ಕೊನೆಯವರೆಗೂ ನಿಂತಿದ್ದವು. ಪುಸ್ತಕಗಳು ಬಸ್ ನಿಲ್ದಾಣದ ಮೇಲಿನ ಎರಡು ಕೋಣೆಗಳಿಗೆ ಹೋದವು, ಇಟ್ಟಿಗೆಗಳು ಊರಾಚೆಯ ಹಳೇ ಸಾಮಾನಿನ ಅಂಗಳಕ್ಕೆ. ಪರವಾನಗಿ ಹೋದ ಮೇಸ್ತ್ರಿ ಹೆಂಡತಿಯೊಡನೆ ಅಲ್ಲೇ ಕೂಲಿಗೆ ಸೇರಿದ್ದ. ಗ್ರಂಥಪಾಲಕಿ ಒಮ್ಮೆ ಅಲ್ಲಿಗೆ ಹೋಗಿದ್ದಳು. ಹೆಂಡತಿ ಮುಖ ತಿರುಗಿಸಿಕೊಂಡಳು. ಮೇಸ್ತ್ರಿ ಆಕೆ ಬಂದಿದ್ದನ್ನು ಕಾಣಲಿಲ್ಲ. ಆಕೆಯೂ ಎದುರಿಗೆ ಹೋಗಿ ನಿಲ್ಲಲಿಲ್ಲ.

ಈಗ ಆತ ಆ ಅಂಗಳದಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ, ಕೆಡವಿದ ಕಟ್ಟಡಗಳ ಇಟ್ಟಿಗೆಗಳಿಗೆ ಅಂಟಿದ ಸುಣ್ಣವನ್ನು ಕರಣೆಯಿಂದ ಕೆರೆದು ತೆಗೆಯುವ ಕೆಲಸ ಮಾಡುತ್ತಾನೆ.