ಮುಚ್ಚದೆ ಬಿಟ್ಟ ಹಿತ್ತಲ ಬಾಗಿಲು

ಯಾರ ಮನೆಗೆ ಹೋದರೂ, ಕುಳಿತ ಐದು ನಿಮಿಷದೊಳಗೆ ಹತ್ತಿರದ ಗೋಡೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡುವುದು ನನ್ನ ಕೆಟ್ಟ ಚಾಳಿ. ಗಟ್ಟಿ ಸದ್ದು ಬಂದರೆ ಗಾರೆ ಗೋಡೆಯನ್ನು ಕಚ್ಚಿಕೊಂಡಿದೆ, ಟೊಳ್ಳು ಸದ್ದು ಬಂದರೆ ಒಳಗೊಳಗೇ ಬಿಟ್ಟುಕೊಂಡಿದೆ ಎಂದು ಲೆಕ್ಕ. ಮದುವೆಗೆ ಮುಂಚೆ ಗಂಡಿನ ಮನೆ ನೋಡಲು ಹೋದಾಗಲೂ ಹೀಗೆ ತಟ್ಟಿದ್ದೆನಂತೆ. ಹುಡುಗನಿಗಿಂತ ನಮ್ಮ ಗೋಡೆಯ ಮೇಲೇ ಇವಳಿಗೆ ಹೆಚ್ಚು ಅನುಮಾನವಿತ್ತು ಎಂದು ನಮ್ಮತ್ತೆ ಇಂದಿಗೂ ನೆಂಟರ ಮುಂದೆ ಹೇಳಿ ನಗುತ್ತಾರೆ. ಐದು ವರ್ಷ ಆರ್ಕಿಟೆಕ್ಚರ್ ಓದಿದವಳಲ್ಲವೇ ಎಂದು ನೆಂಟರೂ ತಲೆಯಾಡಿಸುತ್ತಾರೆ. ಆದರೆ ಈ ತಟ್ಟುವ ವಿದ್ಯೆ ಕಾಲೇಜಿನದಲ್ಲ. ಹಿಂದೂಪುರದಲ್ಲಿ ಗಾರೆ ಮೇಸ್ತ್ರಿಯಾಗಿದ್ದ ನಮ್ಮಪ್ಪನದು.

ಹಾಗೆಂದು ಕಾಲೇಜು ಏನೂ ಕಲಿಸಲಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಗೆರೆ ಎಳೆಯುವಾಗ ಉಸಿರು ಹಿಡಿಯಬೇಕೆಂದು ಕಲಿಸಿತು. ಎರಡು ರಾತ್ರಿ ಕೂತು ಬರೆದ ಹಾಳೆಯನ್ನು ಬೆಳಗ್ಗೆ ನಾನೇ ಹರಿದು ಹಾಕುವ ಧೈರ್ಯ ಕೊಟ್ಟಿತು. ಸೂರ್ಯ ಯಾವ ಕಿಟಕಿಯಿಂದ ಬಂದು ಯಾವ ಕಿಟಕಿಯಿಂದ ಹೋಗುತ್ತಾನೆಂಬುದನ್ನು, ನೆಂಟರ ಬರುವಿಕೆಯನ್ನು ಮನೆಯಾಕೆ ಲೆಕ್ಕ ಹಾಕುವಷ್ಟೇ ನಿಗಾ ವಹಿಸಿ ಲೆಕ್ಕ ಹಾಕುವುದನ್ನು ಹೇಳಿಕೊಟ್ಟಿತು. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ‘ಜ್ಯೂರಿ’ ಎಂಬುದೊಂದಿತ್ತು, ಗೆಳೆಯರೇ. ನಮ್ಮ ನಕ್ಷೆಗಳನ್ನು ಗೋಡೆಗೆ ಅಂಟಿಸಿ ಪಕ್ಕದಲ್ಲಿ ನಿಲ್ಲಬೇಕು. ಮೇಷ್ಟ್ರುಗಳು ಸಾಲಾಗಿ ಕುಳಿತು ಇಡೀ ತರಗತಿಯ ಎದುರು ನಮ್ಮ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ಹೇಳುವರು. ಮೊದಲ ವರ್ಷ ನಾನು ಮೆಟ್ಟಿಲ ಕೆಳಗೆ ನಿಂತು ಅತ್ತಿದ್ದೆ. ಎರಡನೆಯ ವರ್ಷ ಅಳು ನಿಂತಿತು. ಮೂರನೆಯ ವರ್ಷದ ಹೊತ್ತಿಗೆ ನನಗೂ ಆ ಧಾಟಿ ಬಂದಿತ್ತು. ಪರರ ಗೆರೆಯಲ್ಲಿ ಕೂದಲೆಳೆಯಷ್ಟು ಸೊಟ್ಟ ಕಂಡರೂ ತಣ್ಣಗಿನ ದನಿಯಲ್ಲಿ, ನಾಲ್ಕು ಜನ ಕೇಳುವಂತೆ ಹೇಳಬಲ್ಲವಳಾಗಿದ್ದೆ. ಅದನ್ನೇ ಬುದ್ಧಿವಂತಿಕೆ ಎಂದುಕೊಂಡಿದ್ದೆ.

ಆ ವರ್ಷದ ಬೇಸಿಗೆ ರಜೆಯಲ್ಲಿ ಅಪ್ಪ ಕಲ್ಯಾಣದುರ್ಗದಲ್ಲಿ ಒಂದು ಕೆಲಸ ಹಿಡಿದಿದ್ದ. ಅಂಜಿನಮ್ಮ ಎಂಬಾಕೆಯ ಹಳೆಯ ಮನೆಯ ಹಿಂಬದಿಗೆ ಒಂದು ಕೋಣೆ, ಒಂದು ಬಚ್ಚಲು ಸೇರಿಸುವ ಕೆಲಸ. ನಕ್ಷೆ ನಾನು ಬರೆದುಕೊಡುತ್ತೇನೆಂದು ಹಟ ಹಿಡಿದೆ. ನನ್ನ ಗೆರೆ ನಿಜವಾದ ಗೋಡೆಯಾಗುವುದು ಅದೇ ಮೊದಲು. ಹೊಸ ಕೋಣೆಯಿಂದಲೇ ಹಿತ್ತಲಿಗೆ ದಾರಿ ಬಂದ ಮೇಲೆ ಹಳೆಯ ಹಿತ್ತಲ ಬಾಗಿಲು ದಂಡವಲ್ಲವೇ? ಅದನ್ನು ಇಟ್ಟಿಗೆಯಿಂದ ಮುಚ್ಚಿ, ಒಳಗಡೆಗೆ ಪಾತ್ರೆ ಜೋಡಿಸುವ ಗೂಡು ಮಾಡಬೇಕೆಂದು ಬರೆದು, ಅಳತೆಗಳನ್ನೆಲ್ಲ ಮುದ್ದಾದ ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿಸಿ, ಜೆರಾಕ್ಸ್ ಮಾಡಿಸಿ ಅಪ್ಪನ ಕೈಗಿತ್ತೆ. ತೆಲುಗಿನಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದ್ದ ಅಪ್ಪ ಅದನ್ನು ಬಹಳ ಹೊತ್ತು ನೋಡಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡ.

ಹದಿನೈದು ದಿನ ಕಳೆದ ಮೇಲೆ ಎರಡು ಬಸ್ಸು ಬದಲಿಸಿ ನಾನೂ ಹೋದೆ. ಕೋಣೆಯ ಗೋಡೆ ಎದೆಮಟ್ಟ ದಾಟಿತ್ತು, ಬಚ್ಚಲ ಗೋಡೆ ಮುಗಿದಿತ್ತು. ಹಿತ್ತಲ ಬಾಗಿಲು ಮಾತ್ರ ಹಾಗೇ ತೆರೆದಿತ್ತು. ಅದರ ಹೊಸ್ತಿಲ ಬಳಿ ಗೋಡೆಗೊರಗಿ ಅಂಜಿನಮ್ಮನ ಮಗಳು ಗಂಗಾದೇವಿ ಗಾಳಿಗೆ ಕುಳಿತಿದ್ದಳು, ತುಂಬು ಬಸುರಿ. ಪಾಯ ತೋಡುವಾಗ ಅವಳು ಸೆಟ್ಟೂರಿನ ಗಂಡನ ಮನೆಯಲ್ಲಿದ್ದವಳು, ಈಗ ಹೆರಿಗೆಗೆಂದು ಬಂದಿದ್ದಳು. ನಾನು ಅವಳನ್ನು ನೋಡಿದೆ ಎಂದು ಈಗ ಹೇಳುತ್ತಿದ್ದೇನಷ್ಟೆ. ಆವತ್ತು ನಾನು ನೋಡಿದ್ದು ಬಾಗಿಲನ್ನು ಮಾತ್ರ.

“ಅಪ್ಪ, ಡ್ರಾಯಿಂಗ್‌ನಲ್ಲಿ ಈ ಬಾಗ್ಲು ಮುಚ್ಚೈತೆ. ನೋಡ್ಕೊಂಡೇ ಇಲ್ವಾ ನೀನು? ಓದಾಕೆ ಬರ್ಲಿಲ್ಲಾಂದ್ರೆ ಫೋನ್ ಮಾಡಿ ಕೇಳ್ಬೋದಿತ್ತಲ್ಲ,” ಎಂದೆ, ಅದೇ ತಣ್ಣಗಿನ ಜ್ಯೂರಿಯ ದನಿಯಲ್ಲಿ. ನಾಲ್ಕು ಜನ ಕೆಲಸದವರಿದ್ದರು, ಅಂಜಿನಮ್ಮನಿದ್ದಳು.

ಅಪ್ಪ ಕರಣೆಗೆ ಅಂಟಿದ್ದ ಗಾರೆಯನ್ನು ಇಟ್ಟಿಗೆಯ ಅಂಚಿಗೆ ಒರೆಸಿದ. ಗಂಗಾದೇವಿಯತ್ತ ಒಮ್ಮೆ ನೋಡಿ, “ಮುಚ್ಚಾನ ಕಣಮ್ಮ, ಇನ್ನೊಂದಿಷ್ಟು ದಿನ ಹೋಗ್ಲಿ,” ಎಂದನೇ ಹೊರತು ಕಾರಣ ಹೇಳಲಿಲ್ಲ. ಇಷ್ಟೇ ಆಗಿದ್ದರೆ ನಾನೂ ಮರೆಯುತ್ತಿದ್ದೆನೋ ಏನೋ. ಸ್ವಲ್ಪ ಹೊತ್ತಿಗೆ, ಅಪ್ಪನ ಕೈಕೆಳಗೆ ಹತ್ತು ವರ್ಷದಿಂದ ದುಡಿಯುತ್ತಿದ್ದ ನರಸಿಂಹಪ್ಪ ಕಿಟಕಿಯ ಎತ್ತರಕ್ಕೆ ದಾರ ಹಿಡಿದವನು, ಪಕ್ಕದಲ್ಲೇ ಇದ್ದ ಅಪ್ಪನನ್ನು ಬಿಟ್ಟು ನನ್ನತ್ತ ತಿರುಗಿ, “ಮೇಡಂ, ಇಷ್ಟಿದ್ರೆ ಸಾಕಾ?” ಎಂದು ಕೇಳಿದ. ಇನ್ನೊಬ್ಬ ಮರಳಿನ ಬಗ್ಗೆ ನನ್ನನ್ನೇ ಕೇಳಿದ. ಮೇಸ್ತ್ರಿಗೆ ಇರುವ ಆಸ್ತಿ ಅವನ ಮಾತು ಒಂದೇ. ‘ಎತ್ತು’ ಎಂದರೆ ಎತ್ತುತ್ತಾರೆ, ‘ಕೆಡವು’ ಎಂದರೆ ಕೆಡವುತ್ತಾರೆ. ಮೂವತ್ತು ವರ್ಷ ಕಟ್ಟಿಕೊಂಡಿದ್ದ ಆ ಮಾತನ್ನು ನಾನು ಒಂದು ಉಸಿರಿನಲ್ಲಿ ಬೀಳಿಸಿದ್ದೆ. ಅಪ್ಪ ಇಟ್ಟಿಗೆಗಳಿಗೆ ನೀರು ಹೊಯ್ಯುತ್ತಿದ್ದ. ಅದು ಕೈಯಾಳಿನ ಕೆಲಸ, ಮೇಸ್ತ್ರಿಯದಲ್ಲ.

ಅಂಜಿನಮ್ಮ ನನ್ನನ್ನು ಅಡುಗೆಮನೆಗೆ ಕರೆದು ಮಜ್ಜಿಗೆ ಕೊಟ್ಟು, ಮಗಳಿಗೆ ಕೇಳಿಸದಂತೆ ದನಿ ತಗ್ಗಿಸಿದಳು. “ಬಸ್ರಿ ಹೆಂಗ್ಸಿರೋ ಮನ್ಯಾಗೆ ನಡ್ಯಾಡೋ ಬಾಗ್ಲು ಮುಚ್ತಾರೇನಮ್ಮಾ? ಹೋದ್ಸಲದ ಕೂಸು ಕೈಗೆ ದಕ್ಕಲಿಲ್ಲ ಇವ್ಳಿಗೆ. ಇವ್ಳು ಬಂದಿದ್ದ ನೋಡಿದ್ದೇ ನಿಮ್ಮಪ್ಪ, ಆ ಬಾಗ್ಲು ಸುದ್ದಿಗೇ ಹೋಗ್ಬ್ಯಾಡ್ರಿ ಅಂತ ಎಲ್ರಿಗೂ ಹೇಳ್ಬುಟ್ರು. ಅವ್ಳ ಮುಂದೆ ಅದ್ನೆಲ್ಲ ಬಾಯ್ಬಿಟ್ಟು ಹೇಳಾಕಾಯ್ತದಾ?”

ಮಜ್ಜಿಗೆಯ ಲೋಟವನ್ನು ಕೆಳಗಿಟ್ಟೆ. ಬಾಗಿಲು ಮುಚ್ಚಿದರೆ ಬಸಿರಿಗೆ ಕೇಡು ಎಂಬುದನ್ನು ನಾನು ಆಗಲೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಅಪ್ಪ ನಂಬಿದ್ದನೋ ಇಲ್ಲವೋ, ಅದನ್ನೂ ಕೇಳಲಿಲ್ಲ. ಆದರೆ ಒಮ್ಮೆ ಕಳೆದುಕೊಂಡ ಹುಡುಗಿಯೊಬ್ಬಳು ತಾನು ಕುಳಿತ ಬಾಗಿಲಿಗೇ ಇಟ್ಟಿಗೆ ಏರುವುದನ್ನು ನೋಡುತ್ತ ಹೇಗೆ ನಿದ್ದೆ ಮಾಡಿಯಾಳು ಎಂಬುದು ಅವನಿಗೆ ತಿಳಿದಿತ್ತು. ನಮ್ಮ ನಕ್ಷೆಗಳಲ್ಲೂ ಮನುಷ್ಯರಿರುತ್ತಾರೆ, ನೋಡಿದ್ದೀರಾ? ಬಾಗಿಲಿನ ಎತ್ತರ ಅಂದಾಜಾಗಲೆಂದು ಪಕ್ಕದಲ್ಲೊಂದು ಬೊಂಬೆಯನ್ನು ನಿಲ್ಲಿಸುತ್ತೇವೆ. ಅದಕ್ಕೆ ಕಣ್ಣುಮೂಗಿಲ್ಲ, ಬಸಿರಿಲ್ಲ, ಹೋದ ವರ್ಷದ ದುಃಖವಂತೂ ಇಲ್ಲವೇ ಇಲ್ಲ. ನಾನು ಆ ಬೊಂಬೆಗಾಗಿ ಮನೆ ಬರೆದಿದ್ದೆ. ಅಪ್ಪ ಗಂಗಾದೇವಿಗಾಗಿ ಕಟ್ಟುತ್ತಿದ್ದ. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಎಂದಿನಂತೆ ಕಿಟಕಿಯ ಸೀಟು ನನಗೇ ಬಿಟ್ಟ. ರೊದ್ದಂ ದಾಟುವವರೆಗೂ ಕ್ಷಮೆಯ ಮಾತನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕೂತಿದ್ದೆ. ಹೇಳಿದ್ದರೆ ಅಪ್ಪ “ಬಿಡಮ್ಮ” ಎಂದು ಮುಗಿಸುತ್ತಿದ್ದ, ನನ್ನ ಮನಸ್ಸೂ ಹಗುರಾಗುತ್ತಿತ್ತು. ಆದರೆ ನರಸಿಂಹಪ್ಪ ಅದನ್ನು ಕೇಳುತ್ತಿರಲಿಲ್ಲವಲ್ಲ. ನಾಲ್ಕು ಜನರ ಮುಂದೆ ಕಳೆದದ್ದನ್ನು ಬಸ್ಸಿನ ಸೀಟಿನಲ್ಲಿ ಹಿಂತಿರುಗಿಸಿದರೆ ಏನು ಬಂತು? ಹಾಗಾಗಿ ಬಾಯಿ ಮುಚ್ಚಿಕೊಂಡೆ. ಮುಂದಿನ ದಿನಗಳಲ್ಲಿ ಮನೆಯಲ್ಲಿ ಅಪ್ಪ ಕೆಲಸದ ಮಾತನ್ನೇ ಎತ್ತಲಿಲ್ಲ. ಊಟಕ್ಕೆ ಕೂತಾಗ ಇವತ್ತು ಎಷ್ಟು ಎದ್ದಿತು, ಯಾವ ಮೂಲೆ ತಕರಾರು ಮಾಡಿತು ಎಂದು ನನಗೆ ವರದಿ ಒಪ್ಪಿಸುತ್ತಿದ್ದವನು, ಈಗ ಸಾರು ಚೆನ್ನಾಗಿದೆ ಎನ್ನುತ್ತಿದ್ದ.

ಮೂರು ವಾರದ ಮೇಲೆ ಅಂಜಿನಮ್ಮನ ಫೋನು ಬಂತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಪುರುಡು ಕಳೆದ ಮೇಲೆ ಬಂದು ಬಾಗಿಲ ಕೆಲಸ ಮುಗಿಸಿಕೊಡಿ ಎಂದು. ನಾನೂ ಬರುತ್ತೇನೆ ಎಂದೆ. ಅಪ್ಪ ಬೇಡವೆನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ.

ಪುರುಡು ಕಳೆದು ನಾವು ಹೋದಾಗ ಅಲ್ಲಿ ಇಟ್ಟಿಗೆ ನೆನೆದಿತ್ತು, ಗಾರೆ ಕಲಸಿತ್ತು. ನರಸಿಂಹಪ್ಪ ಬಾಗಿಲ ಎದುರು ನಿಂತು, ಅಂದುಕೊಂಡಂತೆಯೇ ನನ್ನನ್ನು ಕೇಳಿದ: “ಶುರು ಮಾಡಾನಾ ಮೇಡಂ?”

ಅವತ್ತಿನಂತೆಯೇ ನಾಲ್ಕು ಜನ ಕೇಳುವಂತೆ ದನಿ ಎತ್ತಿದೆ. “ಮೇಸ್ತ್ರೀನ ಕೇಳಣ್ಣ. ಈ ಮನ್ಯಾಗೆ ಯಾರು ಅವ್ರೆ ಅಂತ ನೋಡ್ದಂಗೆ ನಾನು ಗೆರೆ ಎಳ್ದಿದ್ದೆ, ಅಪ್ಪ ನೋಡ್ದ. ಅವತ್ತು ನಿಮ್ಮೆಲ್ರ ಮುಂದೆ ನಾನು ಆಡಿದ್ದು ತಪ್ಪು,” ಎಂದೆ.   ನರಸಿಂಹಪ್ಪ ಅಪ್ಪನತ್ತ ತಿರುಗಿದ.

ಅಪ್ಪ ಜೇಬಿನಿಂದ ಆ ಜೆರಾಕ್ಸನ್ನು ತೆಗೆದ. ಬೆವರಿಗೆ ಮೆತ್ತಗಾಗಿ, ಮಡಿಕೆಗಳಲ್ಲಿ ಹರಿದಿತ್ತು. ಅದನ್ನು ಜೋಪಾನವಾಗಿ ಬಿಡಿಸಿ ಎಲ್ಲರ ಎದುರಿಗೇ ನನ್ನತ್ತ ಚಾಚಿ, “ಇಂಗ್ಲೀಷು ಓದಾಕೆ ನಂಗೆ ಬರಲ್ಲ ಕಣಮ್ಮ, ಅದ್ರಾಗೇನ್ ನಾಚ್ಕೆ. ಗೂಡು ಎಂಗೆ ಬರ್ದಿದೀಯ, ನೀನೇ ಓದೇಳು,” ಎಂದ.

ನಾನು ಓದತೊಡಗಿದೆ. ಅಗಲ, ಎತ್ತರ, ಹಲಗೆಯಿಂದ ಹಲಗೆಗೆ ಇರುವ ಅಂತರ. ನನ್ನದೇ ಅಕ್ಷರಗಳು ಕಣ್ಣೀರಿಗೆ ಕಲಸಿಹೋಗಿ ಒಂದೊಂದು ಅಂಕಿಗೂ ನಿಲ್ಲಬೇಕಾಯಿತು. ಅವಸರವಿಲ್ಲದೆ, ಕರಣೆಯನ್ನು ಕೆಳಗಿಟ್ಟು, ಕೈಕಟ್ಟಿ ನಿಂತು, ಅಪ್ಪ ಕೊನೆಯ ಅಂಕಿಯವರೆಗೂ ಕೇಳಿಸಿಕೊಂಡ.