ಮಾರಾಟ ಕಲಿಯಲಿಕ್ಕೊಂದು ಸಾಲ

ಗಣಿತದ ಅಕ್ಕೋರಾಗಿ ನಿವೃತ್ತಿಯಾದವಳಿಗೆ ಊರಿನಲ್ಲಿ ಒಂದು ವಿಚಿತ್ರ ಗೌರವ ಉಳಿದುಬಿಡುತ್ತದೆ. ಮದುವೆಗೆ ಎಷ್ಟು ಹೋಳಿಗೆ ಬೇಕು, ಗೋಡೆಗೆ ಎಷ್ಟು ಬಣ್ಣ ಬೇಕು, ಎಲ್ಲವನ್ನೂ ನನ್ನನ್ನೇ ಕೇಳುತ್ತಾರೆ. ನಾನೂ ಗಂಭೀರವಾಗಿ ಛಾವಣಿ ನೋಡಿ ಒಂದು ಸಂಖ್ಯೆ ಹೇಳುತ್ತೇನೆ. ಉಳಿದ ಹೋಳಿಗೆ ಮರುದಿನ ನಮ್ಮ ಮನೆಗೂ ಬರುವುದರಿಂದ ನನ್ನ ಲೆಕ್ಕ ಯಾವಾಗಲೂ ತುಸು ಧಾರಾಳ.

ಈ ಖ್ಯಾತಿಯನ್ನು ನಂಬಿಯೇ ಕೆಲ ವರ್ಷಗಳ ಹಿಂದೆ ನನ್ನ ತಮ್ಮ ಸುಬ್ರಾಯ ಮಗಳು ಮೇಧಾಳನ್ನು ಕರೆದುಕೊಂಡು ಸಿದ್ದಾಪುರದಿಂದ ಶಿರಸಿಗೆ ಬಂದ. ಸಿದ್ದಾಪುರ ಪೇಟೆಯಲ್ಲಿ ಅವನದೊಂದು ಬಟ್ಟೆ ಅಂಗಡಿ. ಬಿ.ಕಾಂ. ಮುಗಿಸಿದ್ದ ಮೇಧಾಳಿಗೆ ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಮಾರ್ಕೆಟಿಂಗ್ ಎಂ.ಬಿ.ಎ. ಸೀಟು ಸಿಕ್ಕಿತ್ತು. ಶುಲ್ಕ ಎಷ್ಟೆಂದು ಕೇಳಿ ನಾನು ಕನ್ನಡಕ ತೆಗೆದು ಒರೆಸಿದೆ. ಅಂಗಡಿಯನ್ನು ಒತ್ತೆ ಇಟ್ಟರೆ ಬ್ಯಾಂಕು ಸಾಲ ಕೊಡುತ್ತದಂತೆ.

“ಮಾರೋದು ಕಲಿಯಲೆ ಸಾಲ ಎಂತಕ್ಕೆ ಅಕ್ಕಾ? ಆನು ಇಷ್ಟು ವರ್ಷ ಮಾಡಿದ್ದು ಎಂತ ಹಂಗಾರೆ?” ಎಂದ ಸುಬ್ರಾಯ.

“ಅಪ್ಪ ಮಾರ್ತ್ನಿಲ್ಲೆ ಅತ್ತೆ. ಜನವೇ ತಗಂಡು ಹೋಗ್ತ,” ಎಂದಳು ಮೇಧಾ.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಗಿರಾಕಿ ಬಂದರೆ ಸುಬ್ರಾಯ ಓದುತ್ತಿರುವ ಪತ್ರಿಕೆಯನ್ನು ಅರ್ಧ ಮಾತ್ರ ಇಳಿಸುತ್ತಾನೆ. ಪೂರ್ತಿ ಇಳಿಸಬೇಕಾದರೆ ಬಂದವರು ನೆಂಟರಾಗಿರಬೇಕು.

ನಾನು ಲೆಕ್ಕಕ್ಕೆ ಕುಳಿತೆ. ಅಸಲು, ಬಡ್ಡಿ, ಕಂತು ಎಲ್ಲವೂ ಬಂತು. ಆದರೆ ಶಾಲೆಯ ಲೆಕ್ಕದಲ್ಲಿ ಸಾಲ ಮಾಡುವ ಮನುಷ್ಯ ಎಂಥ ಸುಖಿ! ಅವನಿಗೆ ಜ್ವರ ಬರುವುದಿಲ್ಲ, ಹಲ್ಲುನೋವಿಲ್ಲ, ಗೆಳೆಯರ ಮದುವೆಗೆ ಉಡುಗೊರೆ ಕೊಡಬೇಕಾಗಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವ ಹುಡುಗಿಯನ್ನು ಅವನ ಜಾಗದಲ್ಲಿ ಕೂರಿಸಿದ ಕೂಡಲೇ ಸೂತ್ರ ಕೆಮ್ಮತೊಡಗುತ್ತದೆ. ಇನ್ನು ಸಂಬಳ. ಕಾಲೇಜಿನ ಬಣ್ಣದ ಪುಸ್ತಿಕೆಯಲ್ಲಿ ‘ಸರಾಸರಿ ಸಂಬಳ’ ಎಂದು ದಪ್ಪ ಅಕ್ಷರದಲ್ಲಿತ್ತು. ಸರಾಸರಿಯ ಗುಟ್ಟು ನನಗೆ ಗೊತ್ತು. ಒಬ್ಬ ಹುಡುಗ ನೂರಕ್ಕೆ ನೂರು ತೆಗೆದರೆ ಇಡೀ ತರಗತಿ ಮರ್ಯಾದಸ್ಥರಂತೆ ಕಾಣುತ್ತದೆ. ಹೆಡ್ಮಾಸ್ತರರು ಸರಾಸರಿ ಓದಿ ಸಂತೋಷಪಡುತ್ತಾರೆ, ತಾಯಂದಿರು ಮಗನ ಅಂಕ ನೋಡಿ ಅಳುತ್ತಾರೆ.

ಆಗ ನೆನಪಾದವನು ಮಂಜುನಾಥ. ನನ್ನ ಹಳೆಯ ವಿದ್ಯಾರ್ಥಿ, ಅಂಥದ್ದೇ ಕಾಲೇಜಿನಲ್ಲಿ ಸಾಲ ಮಾಡಿ ಅದನ್ನೇ ಓದಿದವನು. ಈಗ ನೀರು ಶುದ್ಧ ಮಾಡುವ ಯಂತ್ರದ ಕಂಪನಿಯಲ್ಲಿ ಕೆಲಸ, ಮನೆ ಯಲ್ಲಾಪುರದಲ್ಲಿ. ಭಾನುವಾರ ಮೂವರೂ ಹೋದೆವು. “ಬರ್ರಿ ಅಕ್ಕೋರೆ,” ಎಂದು ಕೂರಿಸಿ ಚಹಾ ತರಿಸಿದ. ಸುಬ್ರಾಯನನ್ನು ಅಂಗಡಿಯ ಬಗ್ಗೆ ಕೇಳಿದ, ಬೆನ್ನುನೋವಿನ ಬಗ್ಗೆ ಕೇಳಿದ, ಬಾವಿ ಎಷ್ಟು ಆಳ ಎಂದು ಕೇಳಿದ. ಯಂತ್ರದ ಹೆಸರನ್ನೇ ಎತ್ತಲಿಲ್ಲ. ಲೋಟ ಕೆಳಗಿಡುವ ಹೊತ್ತಿಗೆ ಸುಬ್ರಾಯನೇ, “ಒಂದು ನಮ್ಮನೆಗೂ ಹಾಕ್ಸನ ಹೇಳಿ,” ಎಂದ! ಸಾಲ ಬೇಡವೆನ್ನಲು ಸಾಕ್ಷಿ ಹುಡುಕಿ ಹೊರಟವನು ಖರ್ಚು ಹೊತ್ತು ಕುಳಿತಿದ್ದ. ಮೇಧಾ ಕಣ್ಣು ಪಿಳುಕಿಸದೆ ನೋಡುತ್ತಿದ್ದಳು. ಅಂಥ ಗಮನವನ್ನು ನನ್ನ ತರಗತಿಯಲ್ಲಿ ನಾನು ಕಂಡದ್ದಿಲ್ಲ.

ಆಮೇಲೆ ಅವಳೇ ಕೇಳಿದಳು: “ನಿಮ್ಮ ಸಾಲ ತೀರಿತಾ?”

ಮಂಜುನಾಥನ ನಗು ಸ್ವಲ್ಪ ಸಣ್ಣದಾಯಿತು. “ಇಲ್ಲ ತಂಗಿ. ಸಂಬಳದ ಅರ್ಧ ಕಂತಿಗೇ ಹೋಗ್ತದೆ. ಪುಸ್ತಿಕೆಯಲ್ಲಿ ಬರೆದ ಸಂಬಳ ನಮ್ಮ ಬ್ಯಾಚಿನಲ್ಲಿ ಒಬ್ಬನಿಗೆ ಸಿಕ್ತು. ಫೋಟೋನೂ ಅವನದ್ದೇ.”

“ಓದಿದ್ದು ದಂಡವಾಯ್ತೇನೋ?” ಎಂದೆ ನಾನು.

“ಓದಿದ್ದಕ್ಕೆ ಬೇಜಾರಿಲ್ಲ ಅಕ್ಕೋರೆ. ಆದರೆ ಹಿಂದಿನ ಕಂಪನಿಯಲ್ಲಿ ಸುಳ್ಳು ಹೇಳಿ ಮಾರ್ಸ್ತಿದ್ರು. ಬಿಟ್ಟುಬಿಡುವ ಅಂತ ದಿನಾ ಅನ್ನಿಸ್ತಿತ್ತು. ಕಂತು ಇತ್ತಲ್ಲ, ಬಿಡ್ಲಿಕ್ಕೆ ಆಗ್ಲಿಲ್ಲ.”

ನನ್ನ ಚಕ್ರಬಡ್ಡಿಯ ಲೆಕ್ಕದಲ್ಲಿ ಇದಕ್ಕೊಂದು ಜಾಗವೇ ಇರಲಿಲ್ಲ. ವಾಪಸಾಗುವಾಗ ಬಸ್ಸು ಮಂಚಿಕೇರಿ ದಾಟಿದ ಮೇಲೆ ಮೇಧಾ, “ಆನು ಇದನ್ನೇ ಓದ್ತಿ ಅತ್ತೆ. ಆದ್ರೆ ಆ ಕಾಲೇಜು ಬೇಡ, ಅಂಗಡಿ ಒತ್ತೆ ಇಡೋದೂ ಬೇಡ,” ಎಂದಳು. ಕಿಟಕಿಯ ಕಡೆ ತಿರುಗಿದ್ದಳು. ಆ ಸೀಟಿನ ಸುದ್ದಿಯನ್ನು ಗೆಳತಿಯರಿಗೆಲ್ಲ ಹೇಳಿಕೊಂಡಾಗಿತ್ತೆಂದು ನನಗೆ ಗೊತ್ತಿತ್ತು. ತಲೆ ಸವರಬೇಕೆನ್ನಿಸಿತು, ಸವರಿದರೆ ಅತ್ತುಬಿಡುತ್ತಾಳೆಂದು ಸುಮ್ಮನಾದೆ.

ಒಂದು ವರ್ಷ ಅಪ್ಪನ ಅಂಗಡಿಯಲ್ಲೇ ನಿಂತಳು. ಬಾಗಿಲಲ್ಲಿದ್ದ ಪಂಚೆಗಳ ರಾಶಿಯನ್ನು ಒಳಗಿಟ್ಟು ಚೂಡಿದಾರ ಬಟ್ಟೆಯನ್ನು ಮುಂದೆ ತಂದಳು. “ಪಂಚೆ ಎಲ್ಲಿದ್ದು ಹೇಳಿ ಎನಗೇ ಗೊತ್ತಾಗ್ತಿಲ್ಲೆ,” ಎಂದು ಸುಬ್ರಾಯ ನನಗೆ ಫೋನಿನಲ್ಲಿ ದೂರು ಕೊಟ್ಟ. ವ್ಯಾಪಾರ ಹೇಗಿದೆಯೆಂದು ಕೇಳಿದರೆ ಮಾತ್ರ ಸಿಗ್ನಲ್ ಸರಿಯಿಲ್ಲ ಎನ್ನುತ್ತಿದ್ದ. ಈ ನಡುವೆ ಅವಳು ಪ್ರವೇಶ ಪರೀಕ್ಷೆ ಬರೆದು ಧಾರವಾಡದಲ್ಲಿ ಸರ್ಕಾರಿ ಸೀಟು ಪಡೆದಳು. ಸಾಲ ಬೇಕಾಯಿತು, ಆದರೆ ಚಿಕ್ಕದು.

ಈ ವರ್ಷ ಓದು ಮುಗಿಯಿತು. ಮೊದಲು ಬಂದ ಕೆಲಸವೇ ದೊಡ್ಡ ಸಂಬಳದ್ದು. ವಯಸ್ಸಾದವರಿಗೆ ವಿಮೆ ಮಾರಬೇಕು. “ಅವರಿಗೆ ಅದು ಬೇಡದೇ ಇದ್ದರೂ ಹೇಗೆ ಒಪ್ಪಿಸುತ್ತೀರಿ?” ಎಂದು ಸಂದರ್ಶನದಲ್ಲಿ ಕೇಳಿದರಂತೆ. ಮೇಧಾ ನಮಸ್ಕಾರ ಹೇಳಿ ಎದ್ದು ಬಂದಳು. ಆಮೇಲೆ ಹುಬ್ಬಳ್ಳಿಯ ಮಸಾಲೆ ಪುಡಿ ಕಂಪನಿಯೊಂದಕ್ಕೆ, ಅದಕ್ಕಿಂತ ಸಾಕಷ್ಟು ಕಡಿಮೆ ಸಂಬಳಕ್ಕೆ ಸೇರಿದಳು.

ಸುಬ್ರಾಯ ಬೆಳಿಗ್ಗೆ ಬೆಳಿಗ್ಗೆಯೇ ಫೋನ್ ಮಾಡಿದ. “ಅಷ್ಟು ಸಂಬಳ ಬೇಡ ಅಂದಿಕ್ಕಿ ಬಂದಿದ್ದು ಅಕ್ಕಾ ನಮ್ಮ ಕೂಸು!”

“ಅವಳಿಗೆ ಬೇಡ ಅನ್ನಲೆ ಆತಲ, ಸುಬ್ರಾಯ. ಸಣ್ಣ ಸಾಲ ಮಾಡಿದ್ದಕ್ಕೆ ಅದೇ ಲಾಭ,” ಎಂದೆ.

ಆಚೆ ಬದಿಯಲ್ಲಿ ಪತ್ರಿಕೆ ಮಡಚಿಡುವ ಸದ್ದು ಕೇಳಿತು. ತಮ್ಮ ಕರಗಿದನೆಂದುಕೊಂಡೆ. ಆಮೇಲೆ ಮೆಲ್ಲಗೆ ಕೇಳಿದ:

“ಬೇಡ ಅನ್ನೋದಕ್ಕೇ ಸಂಬಳ ಕೊಡೋ ಕೆಲಸ ಎಲ್ಲಾದ್ರೂ ಇದ್ರೆ ಹೇಳು ಅಕ್ಕಾ, ಆನೂ ಸೇರ್ತಿ.”