ಕಂಪ್ಯೂಟರ್ ಎಬ್ಬಿಸುವ ಲಾಡಸಾಬ

ಆಗ ರೋಣದಲ್ಲಿ ಕಂಪ್ಯೂಟರ್ ರಿಪೇರಿಗೆಂದು ಹೆಸರಾದವರು ಇಬ್ಬರು. ಒಬ್ಬ ನಾನು, ಪರಶಪ್ಪ. ಆರು ತಿಂಗಳು ಗದಗಿನ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ ಕೋರ್ಸು ಮುಗಿಸಿ, ಬಸ್ ನಿಲ್ದಾಣದ ಹಿಂದೆ ಅಂಗಡಿ ಹಾಕಿದವನು. ಇನ್ನೊಬ್ಬ ಗಾದಿ ಹೊಲಿಯುವ ಲಾಡಸಾಬ. ಅವನಿಗೆ ಕಂಪ್ಯೂಟರ್ ಬರುತ್ತಿರಲಿಲ್ಲ. ಜನ ಹೋಗುತ್ತಿದ್ದದ್ದು ಅವನ ಹತ್ತಿರ.

ನನ್ನ ಅಂಗಡಿಗೆ ಜನರನ್ನು ಎಳೆಯಲೆಂದು ಫೋಟೋ ಇದ್ದ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಪ್ಲಾಸ್ಟಿಕ್ ಹೂವಿನ ಮಾಲೆ ಏರಿಸಿ ಗೋಡೆಗೆ ತೂಗುಹಾಕಿದ್ದೆ. ಮೊಮ್ಮಗನ ಕಂಪ್ಯೂಟರ್ ಕೆಟ್ಟಿದೆ ಎಂದು ಅಬ್ಬಿಗೇರಿಯಿಂದ ಬಂದ ಗೌರವ್ವ ಅದನ್ನು ನೋಡಿದ್ದೇ ಕೈ ಮುಗಿದಳು.

"ಯಾವಾಗ ತೀರಕೊಂಡ್ರೋ ಯಪ್ಪಾ? ಥೇಟ್ ನಿನ್ನಂಗ ಅದಾರ."

"ಅದು ನಾನಽ ಯಮ್ಮಾ" ಎಂದೆ. ನಂಬಲಿಲ್ಲ. "ಇರ್ಲಿ ಬಿಡು, ಲಾಡಸಾಬನ ಮನಿ ಯಾವ ಓಣ್ಯಾಗ ಬರತೈತಿ?" ಎಂದು ಕೇಳಿ ಹೊರಟೇಹೋದಳು.

ಇದು ಶುರುವಾದದ್ದು ೨೦೦೩ರಲ್ಲಿ, ಅನ್ನಪೂರ್ಣೇಶ್ವರಿ ಟೀಚರ ಮನೆಯಲ್ಲಿ. ಅವರ ಕಂಪ್ಯೂಟರ್ ಏಳುತ್ತಿಲ್ಲವೆಂದು ನನ್ನನ್ನು ಕರೆಸಿದ್ದರು. ಡಬ್ಬಿ ಬಿಚ್ಚಿ, ಮುಖ ಗಂಟುಹಾಕಿಕೊಂಡು, "ಮದರ್‌ಬೋರ್ಡ್ ಹೋಗಿರಬೇಕ್ರಿ" ಎಂದು ನಾನು ಹೇಳುತ್ತಿದ್ದಾಗ ಹಳೇ ಗಾದಿ ಒಯ್ಯಲು ಬಂದಿದ್ದ ಲಾಡಸಾಬ ಬಾಗಿಲಲ್ಲಿ ಚಹಾಕ್ಕಾಗಿ ಕಾಯುತ್ತಿದ್ದ. ಬಗ್ಗಿ ಒಳಗೆ ನೋಡಿದ. "ಅಯ್ಯಯ್ಯ, ಎಷ್ಟರಿ ಇದು ಧೂಳ!" ಎಂದವನೇ ಗಾದಿ ಝಾಡಿಸುವ ಬ್ರಶ್ಶು ಆಡಿಸಿದ. ಸೈಕಲ್ ಪಂಪು ತಂದು ಗಾಳಿ ಹೊಡೆದ. ಗಾದಿಯ ಮೂಲೆಗೆ ಅರಳೆ ತುರುಕುವವನಂತೆ ಅದ್ಯಾವುದೋ ಪಟ್ಟಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದ. "ಏಳೋ ನಮ್ಮಪ್ಪಾ" ಅಂದ. ಕಂಪ್ಯೂಟರ್ ಎದ್ದಿತು. ಟೀಚರು ನನ್ನ ಕಡೆ ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ನನಗೆ ಕೊಡಬೇಕಿದ್ದ ಚಹಾವೂ ಅವನಿಗೇ ಹೋಯಿತು.

ನಮ್ಮ ಕಡೆ ಎರೆಮಣ್ಣಿನ ಧೂಳು ಎಲ್ಲಿ ನುಗ್ಗುವುದಿಲ್ಲ ಹೇಳಿ. ಹತ್ತು ಕಂಪ್ಯೂಟರಿನಲ್ಲಿ ಎಂಟು ಧೂಳಿನಿಂದಲೇ ಮಲಗುತ್ತಿದ್ದವು. ಹಾಗಾಗಿ ಲಾಡಸಾಬ ಮುಟ್ಟಿದ್ದೆಲ್ಲ ಎದ್ದು ಕೂತಿತು. ಅದೂ ಪುಕ್ಕಟೆ! ಓದು ಬರಹ ಗೊತ್ತಿಲ್ಲದ ಅವನು, "ಎಬ್ಬಿಸೂದು ನಂದು, ದುಡಿಸಿಕೊಳ್ಳೂದು ನಿಮ್ಮದು" ಎಂದು ಹೇಳಿ ಪಂಪು ಹೆಗಲಿಗೇರಿಸಿ ಮುಂದಿನ ಮನೆಗೆ ನಡೆಯುತ್ತಿದ್ದ. ಪಕ್ಕದೂರು ಸವಡಿಯವರು ಟ್ರ್ಯಾಕ್ಟರ್ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಅವನ ಹೆಂಡತಿ ಮುಮತಾಜಬಿ ಅರ್ಧ ಹೊಲಿದ ಗಾದಿಗಳ ನಡುವೆ ಕೂತು, "ಊರ ಮಂದಿ ಡಬ್ಬಿ ಝಾಡಿಸೂದಽ ಆತು, ನಮ್ಮ ಜಹೀದಾನ ಗಾದಿ ಯಾರ ಹೊಲೀಬೇಕು?" ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದಳು. ಜಹೀದಾ ಮದುವೆಗೆ ಬಂದ ಮಗಳು.

ನನಗಿದ್ದದ್ದು ಒಂದೇ ಆಸೆ. ಒಂದೇ ಒಂದು ಸಲ, ನಾಲ್ಕು ಜನರ ಎದುರು, ಅವನ ಕೈಯಲ್ಲಿ ಕಂಪ್ಯೂಟರ್ ಏಳಬಾರದು. ಆಗ ನಾನು ಅಲ್ಲಿರಬೇಕು. ಇದು ಸಣ್ಣತನ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ವರ್ಷ ಅದನ್ನೇ ಬೇಡಿಕೊಂಡೆ.

ಬೇಡಿಕೊಂಡದ್ದೇ ಬಂತು, ಆದದ್ದು ಉಲ್ಟಾ. ಒಂದು ದಿನ ಸವಡಿಯ ದ್ಯಾವಪ್ಪ ಲಾಡಸಾಬನನ್ನು ನನ್ನ ಅಂಗಡಿಗೇ ಕರೆತಂದ. ಅವನ ಮಗ ಬಸ್ಯಾನ ಕಂಪ್ಯೂಟರ್ ಜಾತಕವನ್ನು ನಾನೇ ತೆಗೆದುಕೊಟ್ಟಿದ್ದೆ. ಅದರಲ್ಲಿ ಸಾಡೇಸಾತಿ ಶನಿ ಬಂದು, ಹೆಣ್ಣಿನವರು ಹಿಂದೆ ಸರಿದಿದ್ದರು.

"ನಿನ್ನ ಮಷೀನ್ ಧೂಳ ಹಿಡದೈತಿ ಪರಶಪ್ಪಾ, ಅದಕ್ಕಽ ಶನಿ ಬಂದೈತಿ" ಅಂದ ದ್ಯಾವಪ್ಪ. "ಲಾಡಸಾಬ ಝಾಡಸ್ತಾನ. ಆಮ್ಯಾಲ ಮತ್ತೊಮ್ಮಿ ತಗಿ."

ನನ್ನ ಕಂಪ್ಯೂಟರನ್ನು, ನನ್ನ ಅಂಗಡಿಯಲ್ಲಿ, ನನ್ನ ಸರ್ಟಿಫಿಕೇಟಿನ ಕೆಳಗೇ ಲಾಡಸಾಬ ಝಾಡಿಸಿದ. ಮತ್ತೆ ತೆಗೆದೆ. ಶನಿ ಅಲ್ಲೇ ಇದ್ದ. "ಇನ್ನೂ ಧೂಳ ಐತಿ" ಎಂದ ದ್ಯಾವಪ್ಪ. ಮತ್ತೆ ಪಂಪು ಹೊಡೆದರು. ನಾಲ್ಕನೆಯ ಸಲಕ್ಕೆ ನನ್ನ ತಲೆ ಕೆಟ್ಟು, ಬಸ್ಯಾ ಹುಟ್ಟಿದ ತಾರೀಕನ್ನೇ ಸದ್ದಿಲ್ಲದೆ ಮೂರು ದಿನ ಹಿಂದಕ್ಕೆ ಸರಿಸಿಬಿಟ್ಟೆ. ಶನಿ ಎದ್ದು ಹೋದ. ದ್ಯಾವಪ್ಪ ಲಾಡಸಾಬನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಬಸ್ಯಾನ ಮದುವೆಯೂ ಆಯಿತು. ಸಾಡೇಸಾತಿ ಬಿಡಿಸುವವನು ಎಂಬ ಹೆಸರು ಲಾಡಸಾಬನಿಗೆ ಬಂತು.

ಕೊನೆಗೆ ಜಹೀದಾಳ ಮದುವೆಯೂ ಗೊತ್ತಾಯಿತು. ಹುಡುಗ ನರಗುಂದದ ಇಲಿಯಾಸ. ಅವನ ತಂದೆ ದಾದಾಪೀರ ಬಟ್ಟೆ ವ್ಯಾಪಾರಿ, ನಾಲ್ಕು ಜನರಲ್ಲಿ ಮಾತು ನಡೆಯುವ ಮನುಷ್ಯ. ಗಾದಿ ಹೊಲಿಯುವವನ ಮನೆಯ ಹೆಣ್ಣು ಯಾಕೆ ಎಂದು ದಾದಾಪೀರನ ವಯಸ್ಸಾದ ತಾಯಿ ಮೈಮುನಬಿ ತಕರಾರು ತೆಗೆದಾಗ, "ಬೀಗರು ಕಂಪ್ಯೂಟರ್ ಬಲ್ಲವರು ಅದಾರ" ಎಂದು ಹೇಳಿ ಒಪ್ಪಿಸಿದ್ದನಂತೆ. ಅವನ ಮನೆಯಲ್ಲೂ ಒಂದು ಕಂಪ್ಯೂಟರ್ ಇದೆ, ಅದು ನಾಲ್ಕು ತಿಂಗಳಿಂದ ಎದ್ದಿಲ್ಲ ಎಂಬ ಸುದ್ದಿ ನನ್ನ ಕಿವಿಗೆ ಬಿತ್ತು. ಗಂಡಿನ ಮನೆಯಲ್ಲಿ ನಡೆಯುವ ವಲೀಮಾದ ಊಟಕ್ಕೆ ಕರೆಯಲು ಬಂದ ಲಾಡಸಾಬನಿಗೆ, "ಬರದಽ ಬಿಡ್ತೀನೇನು?" ಎಂದೆ. ಪಾಪ, ಅವನು ಖುಷಿಪಟ್ಟ.

ನಿಕಾಹ್ ರೋಣದಲ್ಲಿ ಮುಗಿದು, ಮರುದಿನ ಯಾವಗಲ್ ಮೇಲಿಂದ ಟೆಂಪೋದಲ್ಲಿ ನರಗುಂದಕ್ಕೆ ಹೋದೆವು. ಮಾಂಸ ತಿನ್ನದ ನಮ್ಮಂಥವರಿಗೆಂದು ಬೇರೆ ಒಲೆಯ ಮೇಲೆ ಅಡಿಗೆ ನಡೆದಿತ್ತು. ಬದನೆಕಾಯಿ ಪಲ್ಯದ ವಾಸನೆ ಬರುತ್ತಿರುವಾಗಲೇ ದಾದಾಪೀರ ಎದ್ದು ನಿಂತ.

"ಊಟ ಆಮ್ಯಾಲ. ಮೊದಲ ನಮ್ಮ ಬೀಗರ ಕೈಚಳಕ ನೋಡ್ರಿ ಎಲ್ಲಾರೂ."

ಪಡಸಾಲೆಯ ಮೂಲೆಯಲ್ಲಿ ಕಸೂತಿ ಹಾಕಿದ ಬಟ್ಟೆಯ ಕೆಳಗೆ ಅದು ಇತ್ತು. ನಲವತ್ತು ಜನ ಸುತ್ತುಗಟ್ಟಿದರು. ಲಾಡಸಾಬ ಹೊಸ ಅಂಗಿಯ ತೋಳು ಮಡಚಿದ. ಬ್ರಶ್ಶನ್ನು ಮಗಳ ಮದುವೆಗೂ ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದ. ಡಬ್ಬಿ ಬಿಚ್ಚಿದವನು ಹಾಗೇ ನಿಂತ. ಒಳಗೆ ಧೂಳೇ ಇರಲಿಲ್ಲ. ದಿನಾ ಬೆಳಿಗ್ಗೆ ಮೈಮುನಬಿ ಅದನ್ನು ಹಿಂದೆ ಮುಂದೆ ತಿಕ್ಕಿ ಒರೆಸಿ, ಬಟ್ಟೆ ಮುಚ್ಚಿ ಇಡುತ್ತಿದ್ದಳಂತೆ.

ಆದರೂ ಬ್ರಶ್ಶು ಆಡಿಸಿದ. ಹೆಬ್ಬೆರಳಿನಿಂದ ಒತ್ತಿದ. "ಏಳೋ ನಮ್ಮಪ್ಪಾ." ಏಳಲಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು, ಕರೆಂಟು ಹೋಗಿದೆ ಎನ್ನುವಂತೆಯೂ ಇರಲಿಲ್ಲ. ಮತ್ತೊಮ್ಮೆ ಒತ್ತಿದ.

"ಬರೇ ಮಾತಽ ದೊಡ್ಡದು ಕಾಣತೈತಿ" ಎಂದಳು ಮೈಮುನಬಿ. ದಾದಾಪೀರನ ನಗು ಸಣ್ಣಗಾಯಿತು. ಅಡಿಗೆಮನೆ ಬಾಗಿಲಲ್ಲಿ ಮದರಂಗಿ ಕೈಯಲ್ಲಿ ಸೆರಗು ಹಿಡಿದು ಜಹೀದಾ ನಿಂತಿದ್ದಳು. ಅವಳು ಕಂಪ್ಯೂಟರ್ ನೋಡುತ್ತಿರಲಿಲ್ಲ, ಅಪ್ಪನನ್ನು ನೋಡುತ್ತಿದ್ದಳು. ಈ ಮನೆಯಲ್ಲಿ ಅವಳ ಮೊದಲ ದಿನ ಅದು.

ನಾನು ಕೂತ ಜಾಗದಿಂದ ಡಬ್ಬಿಯ ಬೆನ್ನು ಕಾಣುತ್ತಿತ್ತು. ಹಿಂದಿನ ಸಣ್ಣ ಸ್ವಿಚ್ಚು ಆಫ್ ಆಗಿತ್ತು. ಅಷ್ಟೇ. ಒರೆಸುವಾಗ ಮುದುಕಿಯ ಕೈ ತಾಗಿರಬೇಕು. ಇನ್ನು ಎರಡು ನಿಮಿಷ ಬಾಯಿ ಮುಚ್ಚಿಕೊಂಡು ಕೂತು, ಆಮೇಲೆ ಎದ್ದು ಒಂದು ಬೆರಳು ತಾಗಿಸಿದ್ದರೆ ನಾಲ್ಕು ವರ್ಷದ ಸೇಡು ಬಡ್ಡಿ ಸಮೇತ ತೀರುತ್ತಿತ್ತು. ಅದಕ್ಕೇ ಬಂದಿದ್ದೆ. ಆದರೆ ಆ ಹುಡುಗಿಯ ಮುಖ ನೋಡಿದ ಮೇಲೆ ಕೂತಿರಲು ಆಗಲಿಲ್ಲ, ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಎದ್ದೆ. "ಉಸ್ತಾದ್ರ" ಎಂದೆ. ಅಲ್ಲಿಯವರೆಗೆ ಅವನನ್ನು ನಾನು 'ಏ ಲಾಡಸಾಬ' ಎಂದು ಬಿಟ್ಟು ಬೇರೆ ಕರೆದವನೇ ಅಲ್ಲ. "ಇಂಥಾ ಮಷೀನಿಗೆ ಹಿಂದ ಒಬ್ಬರು ವೈರ್ ಹಿಡೀಬೇಕು ಅಂತ ನೀವಽ ಕಲಿಸಿದ್ರಲ್ಲ? ನಾ ಹಿಡೀತೀನಿ, ನೀವು ಎಬ್ಬಸ್ರಿ."

"ಇವರು ಯಾರು?" ಎಂದ ದಾದಾಪೀರ.

"ನಾನು ಇವರ ಶಿಷ್ಯಾ ಅದೀನ್ರಿ."

ವೈರ್ ಹಿಡಿದಂತೆ ಮಾಡಿ ಸ್ವಿಚ್ಚು ಒತ್ತಿದೆ. ಲಾಡಸಾಬ ಮುಂದಿನಿಂದ ಒತ್ತಿದ. ಟುಂಯ್ ಎಂದು ರಾಗ ಎಳೆದು ಕಂಪ್ಯೂಟರ್ ಎದ್ದಿತು. ನಲವತ್ತು ಜನ ಚಪ್ಪಾಳೆ ಹೊಡೆದರು. ಮೈಮುನಬಿ ಲಾಡಸಾಬನ ತಲೆಯ ಮೇಲೆ ಕೈ ಆಡಿಸಿ, ದೃಷ್ಟಿ ತೆಗೆದು ನೆಟಿಗೆ ಮುರಿದಳು. ಜಹೀದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಬರುವಾಗ ಟೆಂಪೋ ಯಾವಗಲ್ ದಾಟಿದ ಮೇಲೆ ಲಾಡಸಾಬ ನನ್ನ ಪಕ್ಕಕ್ಕೆ ಸರಿದು ಕೂತ.

"ನನಗ ಏನೂ ಬರಂಗಿಲ್ಲ ಅಂತ ನಿನಗ ಮೊದಲಿಂದನೂ ಗೊತ್ತಿತ್ತಲ್ಲ ಪರಶಪ್ಪಾ?"

"ಗೊತ್ತಿತ್ತು."

"ನನಗೂ ಗೊತ್ತಿತ್ತೋ. ಬಾಗಲಿಗೆ ಬಂದವರಿಗೆ ಇಲ್ಲ ಅನ್ನಾಕ ಬಾಯಿ ಬರಲಿಲ್ಲ" ಎಂದು ಹೇಳಿ ಕಣ್ಣೊರೆಸಿಕೊಂಡ.

ಮರುವಾರದಿಂದ ಅವನು ಗಾದಿಗೆ ಕೂತ. ಬಂದವರಿಗೆಲ್ಲ, "ನಮ್ಮ ಶಿಷ್ಯಾನ ಕಡೆ ಹೋಗ್ರಿ, ನನಗಿಂತ ಚಲೋ ಎಬ್ಬಸ್ತಾನ" ಎನ್ನತೊಡಗಿದ. ಕಡೆಗೂ ನನ್ನ ಅಂಗಡಿಗೆ ಜನ ಬಂದರು. ರೋಣ, ಸವಡಿ, ಯಾವಗಲ್, ನರಗುಂದ, ಎಲ್ಲಿಂದೆಲ್ಲಿಂದಲೋ ಬಂದರು. ಒಬ್ಬರೂ ಕಾಸು ಕೊಡಲಿಲ್ಲ. ಬಾಯಿಬಿಟ್ಟು ಕೇಳಿದರೆ, "ಉಸ್ತಾದ್ರಽ ತಗೊಳ್ಳಂಗಿಲ್ಲ, ಶಿಷ್ಯಾ ಆಗಿ ನೀ ಹ್ಯಾಂಗ ತಗೋತೀಯೋ?" ಎಂದು ನನಗೇ ಬುದ್ಧಿ ಹೇಳಿದರು.

ಲಾಡಸಾಬ ನನ್ನ ಕುರ್ಚಿಯ ಅಳತೆಗೆ ಒಂದು ಸಣ್ಣ ಗಾದಿ ಹೊಲಿದು ತಂದುಕೊಟ್ಟ. ಜಹೀದಾಳ ಗಾದಿಯಲ್ಲಿ ಉಳಿದ ಅರಳೆ ಅದು ಎಂದ. ಬ್ರಶ್ಶನ್ನೂ ಪಂಪನ್ನೂ ಅದರ ಮೇಲೇ ಇಟ್ಟು, "ಇನ್ನ ಭಾಳ ಹೊತ್ತ ಕುಂದರೂದು ಬರತೈತಿ ನಿನಗ" ಎಂದು ಹೋದ.

ನಿನ್ನೆ ದ್ಯಾವಪ್ಪ ಬಂದಿದ್ದ. ಎರಡನೆಯ ಮಗನ ಜಾತಕ ಬೇಕಂತೆ.

"ತಗಿಯೂಕಿಂತ ಮೊದಲಽ ಝಾಡಿಸಿಬಿಡು ಪರಶಪ್ಪಾ" ಅಂದ.

ಲಾಡಸಾಬನ ಗಾದಿಯಿಂದ ಎದ್ದು ಬ್ರಶ್ಶು ಕೈಗೆತ್ತಿಕೊಂಡೆ.